ಸೋಪಾನ ಕಟ್ಟಿದ ಸೇನಾನಿ ಬೇಡನ್ ಪೊವೆಲ್

ಪ್ರತಿವರ್ಷ ಫೆಬ್ರವರಿ 22ರಂದು ಶಾಲೆಗಳ ಸ್ಕೌಟು ಮತ್ತು ಗೈಡು ದಳಗಳಲ್ಲಿ ಚಿಂತನ ದಿನವನ್ನು ಆಚರಿಸುವುದುಂಟು. ಅದು ಲಾರ್ಡ್ ಬೇಡನ್ ಪೊವೆಲ್ ಅವರ ಹುಟ್ಟುಹಬ್ಬವೆಂದು ಕೊರಳಿಗೆ ಸ್ಕಾರ್ಫು ಸುತ್ತಿದ ಮಕ್ಕಳಿಗೆ ಗೊತ್ತು. ಆದರೆ ಅವರು ಬಾಳಿದ ಬಗೆ ಹಿರಿಯರಾದ ನಮಗೂ ಅಷ್ಟಾಗಿ ತಿಳಿಯದು. ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳೆಂದು ನಮ್ಮ ಮಕ್ಕಳು ಇಂದು ಹತ್ತುವ ಮೆಟ್ಟಿಲುಗಳನ್ನು ಮೊದಲು ಕಟ್ಟಿದವರು ಅವರೇ. ಆ ಮೆಟ್ಟಿಲು ನಮ್ಮ ದೇಶದ ಮಕ್ಕಳ ಪಾಲಿಗೆ ಒದಗಿದುದು ಮಾತ್ರ ಬೇರೆಯೇ ಒಂದು ಕಥೆ.

ಬೇಡನ್ ಪೊವೆಲ್ ಅವರು 1857ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೇಖಾಗಣಿತದ ಪ್ರಾಧ್ಯಾಪಕರು. ಮಗುವಿಗೆ ಮೂರು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ದೊಡ್ಡ ಸಂಸಾರವನ್ನು ತಾಯಿಯೇ ಸಾಕಿ ಮುಂದೆ ತಂದರು. ಚಾರ್ಟರ್‌ಹೌಸ್ ಶಾಲೆಗೆ ವಿದ್ಯಾರ್ಥಿವೇತನ ಪಡೆದು ಸೇರಿದ ಹುಡುಗ ಓದಿನಲ್ಲಿ ಮುಂದಿರಲಿಲ್ಲ. ಶಾಲೆಯ ಪಕ್ಕದ ಕಾಡಿನಲ್ಲಿ ಅಧ್ಯಾಪಕರ ಕಣ್ಣಿಗೆ ಬೀಳದಂತೆ ಅಡಗಿ, ಮೊಲ ಹಿಡಿದು, ಹೊಗೆಯೇಳದಂತೆ ಬೆಂಕಿಮಾಡಿ ಬೇಯಿಸುವುದೇ ಅವನ ನಿಜವಾದ ಪಾಠವಾಗಿತ್ತು. ಆಕ್ಸ್‌ಫರ್ಡಿನಲ್ಲಿ ಅವನಿಗೆ ಪ್ರವೇಶ ಸಿಗಲಿಲ್ಲ. ಆದರೆ ಸೈನ್ಯದ ಪರೀಕ್ಷೆಗೆ ಕುಳಿತಾಗ ಅಶ್ವದಳದ ಪಟ್ಟಿಯಲ್ಲಿ ಎರಡನೆಯ ಸ್ಥಾನ ಬಂತು. ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಹುಡುಗ ಅಯೋಗ್ಯನಲ್ಲವೆಂಬುದನ್ನು ಅಧ್ಯಾಪಕರಾದ ನಾವು ಇದರಿಂದ ಕಲಿಯಬಹುದು.

1876ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ಹದಿಮೂರನೆಯ ಹುಸಾರ್ ಅಶ್ವದಳದ ಅಧಿಕಾರಿಯಾಗಿ ಭಾರತಕ್ಕೆ ಬಂದು ಲಕ್ನೋ ಸೇರಿದರು. ಮುಂದೆ 1897ರಲ್ಲಿ ಮೀರತ್ತಿನಲ್ಲಿ ಬೇರೊಂದು ಅಶ್ವದಳದ ಮುಖ್ಯಸ್ಥರಾದಾಗ ಸಿಪಾಯಿಗಳಿಗೆ ಬೇಹಿನ ವಿದ್ಯೆಯನ್ನು ಕಲಿಸಿದರು. ಹೆಜ್ಜೆಯ ಗುರುತು ಓದುವುದು, ಅಪರಿಚಿತ ನೆಲದಲ್ಲಿ ದಿಕ್ಕು ತಿಳಿಯುವುದು, ಸ್ವಂತ ಬುದ್ಧಿಯಿಂದ ನಡೆಯುವುದು ಮೊದಲಾದುವು ಆ ಶಿಕ್ಷಣದಲ್ಲಿದ್ದವು. ಚಿಕ್ಕ ಚಿಕ್ಕ ಗುಂಪುಗಳಲ್ಲಿ ಪಾಠ ನಡೆಯುತ್ತಿತ್ತು. ತೇರ್ಗಡೆಯಾದವರಿಗೆ ದಿಕ್ಸೂಚಿಯ ಉತ್ತರದ ಮೊನೆಯನ್ನು ಹೋಲುವ ಬಿಲ್ಲೆಯನ್ನು ಕೊಡಲಾಗುತ್ತಿತ್ತು. ಜಗತ್ತಿನ ಸ್ಕೌಟುಗಳು ಇಂದು ಧರಿಸುವ ಲಾಂಛನದ ಮೂಲ ಹೀಗೆ ನಮ್ಮ ನೆಲದಲ್ಲೇ ಇದೆ.

ಅವರಿಗೆ ಹೆಸರು ಬಂದುದು ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ. 1899ರ ಅಕ್ಟೋಬರದಿಂದ 1900ರ ಮೇ ತಿಂಗಳವರೆಗೆ, 217 ದಿನ, ಶತ್ರುಗಳು ಸುತ್ತುಗಟ್ಟಿದ್ದ ಮಾಫೆಕಿಂಗ್ ಎಂಬ ಪಟ್ಟಣವನ್ನು ಅವರು ಕಾಪಾಡಿದರು. ಅಲ್ಲಿ ಹುಡುಗರ ಒಂದು ದಳ ಸುದ್ದಿ ಒಯ್ಯುವ ಕೆಲಸವನ್ನು ಅಂಜದೆ ಮಾಡಿತು. ಹೊಣೆ ಕೊಟ್ಟರೆ ಹುಡುಗರು ಹೊರಬಲ್ಲರೆಂಬ ನಂಬಿಕೆ ಅವರಲ್ಲಿ ಬೇರೂರಿತು. ಅದೇ ಮುತ್ತಿಗೆಯಲ್ಲಿ ಬಿಳಿಯರಿಗಿಂತ ಕರಿಯರು ಹೆಚ್ಚು ಹಸಿದರೆಂಬ ಆಕ್ಷೇಪವನ್ನು ಇತಿಹಾಸಕಾರರು ಎತ್ತಿದ್ದಾರೆ. ಬಾಳನ್ನು ಬರೆಯುವಾಗ ಅದನ್ನು ಮರೆಮಾಚುವುದು ಸರಿಯಲ್ಲ.

1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು ಇಪ್ಪತ್ತು ಹುಡುಗರ ಶಿಬಿರವನ್ನು ನಡೆಸಿದರು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಒಂದೇ ಗುಡಾರದಲ್ಲಿ ಮಲಗಿ, ಒಂದೇ ಒಲೆಯ ಅಡುಗೆ ಉಂಡರು. ಮರುವರ್ಷ ಅವರ ಪುಸ್ತಕ ಬಿಡಿ ಸಂಚಿಕೆಗಳಲ್ಲಿ ಹೊರಬಂದಾಗ ಊರೂರುಗಳಲ್ಲಿ ಹುಡುಗರು ತಾವಾಗಿಯೇ ದಳ ಕಟ್ಟಿಕೊಂಡರು. 1909ರಲ್ಲಿ ಲಂಡನ್ನಿನ ಮೇಳಕ್ಕೆ ಹುಡುಗಿಯರೂ ಬಂದು ನಿಂತುದರಿಂದ 1910ರಲ್ಲಿ ಗೈಡು ಚಳವಳಿಯೂ ಮೊದಲಾಯಿತು.

ಅವರು ಹಾಕಿದ ದರ್ಜೆಗಳ ಕ್ರಮ ಗಮನಿಸತಕ್ಕದ್ದು. ಹೊಸದಾಗಿ ಸೇರಿದವನು ನಿಯಮ, ವಚನ, ಕೆಲವು ಗಂಟುಗಳನ್ನು ಕಲಿತು ಪ್ರವೇಶ ಪಡೆಯಬೇಕು. ಎರಡನೆಯ ದರ್ಜೆಗೆ ಪ್ರಥಮ ಚಿಕಿತ್ಸೆ ತಿಳಿದಿರಬೇಕು. ಎರಡಕ್ಕಿಂತ ಹೆಚ್ಚು ಕಡ್ಡಿ ಗೀರದೆ ಒಲೆ ಹೊತ್ತಿಸಬೇಕು. ಬ್ಯಾಂಕಿನಲ್ಲಿ ಸ್ವಲ್ಪ ಉಳಿತಾಯವೂ ಇರಬೇಕು. ಮೊದಲನೆಯ ದರ್ಜೆಗೆ ಈಜು, ದೂರದ ಪ್ರಯಾಣ, ನಕ್ಷೆ ಓದುವುದು ಮುಂತಾದ ಪರೀಕ್ಷೆಗಳಿದ್ದವು. ಇವೆಲ್ಲವುಗಳ ಜೊತೆಗೆ, ತಾನೇ ತರಬೇತಿ ಕೊಟ್ಟ ಒಬ್ಬ ಹೊಸಬನನ್ನು ಅವನು ಕರೆತಂದು ತೋರಿಸಬೇಕಿತ್ತು. ಮೇಲೇರುವವನು ಕೆಳಗಿನ ಮೆಟ್ಟಿಲಲ್ಲಿರುವ ಒಬ್ಬನ ಕೈಹಿಡಿಯಲೇಬೇಕು. ಇತರರನ್ನು ಸೋಲಿಸಿ ಪಡೆಯುವ ಸ್ಥಾನ ಇಲ್ಲಿಲ್ಲ. ಇತರರನ್ನು ಎತ್ತಿ ಪಡೆಯುವ ಸ್ಥಾನ ಮಾತ್ರ ಇದೆ.

ಇಷ್ಟು ಚೆಲುವಾದ ನಿಯಮವಿದ್ದ ಚಳವಳಿ ಭಾರತದಲ್ಲಿ ಆ ನಿಯಮವನ್ನೇ ಮರೆಯಿತು. ಇಲ್ಲಿಯ ಮೊದಲ ಸ್ಕೌಟು ದಳವನ್ನು 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಅವರು ನಮ್ಮ ಬೆಂಗಳೂರಿನಲ್ಲೇ ಸ್ಥಾಪಿಸಿದರು. ಅದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಕನ್ನಡ ಹುಡುಗ ಬೇಲಿಯಾಚೆ ನಿಂತು ನೋಡಬೇಕಿತ್ತು. ನಮ್ಮ ಹುಡುಗರಿಗೆ ಈ ವಿದ್ಯೆ ಕಲಿಸಿದರೆ ನಾಳೆ ಕ್ರಾಂತಿಕಾರಿಗಳಾದಾರೆಂಬ ಅಂಜಿಕೆ ಆಳುವವರಿಗಿತ್ತು.

ಮುಚ್ಚಿದ ಬಾಗಿಲನ್ನು ತಟ್ಟಿದವರು ಹಲವರು. 1916ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಭಾರತೀಯ ಹುಡುಗರ ಸ್ಕೌಟು ಸಂಘವನ್ನು ಸ್ಥಾಪಿಸಿದರು. ಆ ಹುಡುಗರು ತಲೆಗೆ ಮುಂಡಾಸು ಸುತ್ತಿ ನಮ್ಮ ದೇಶದ ಹಾಡುಗಳನ್ನೇ ಹಾಡಿದರು. ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರು ಸೇವಾ ಸಮಿತಿಯ ದಳವನ್ನು ಬೆಳೆಸಿದರು. 1921ರಲ್ಲಿ ಬೇಡನ್ ಪೊವೆಲ್ ಅವರೇ ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಅವರ ಸಂಸ್ಥೆಯೊಡನೆ ಕೂಡಿಕೊಂಡಿತು. ಸೇವಾ ಸಮಿತಿ ಹೊರಗೇ ಉಳಿಯಿತು. 1937ರಲ್ಲಿ ದಿಲ್ಲಿಯ ಜಾಂಬೂರಿಗೆ ಬಂದುಹೋದ ಮೇಲೆ ಭಾರತೀಯರ ಶೀಲವನ್ನು ಕುರಿತು ಅವರು ಹಗುರವಾಗಿ ಬರೆದುದು ಜನರನ್ನು ನೋಯಿಸಿತು. ಹಲವರು ಅವರ ಸಂಸ್ಥೆಯನ್ನು ತೊರೆದರು. 1938ರಲ್ಲಿ ಹಿಂದೂಸ್ಥಾನ್ ಸ್ಕೌಟು ಸಂಘ ಹುಟ್ಟಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಸ್ಕೌಟು ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡಿತು. ಮೂರು ಸೋಪಾನಗಳು, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ಎಂಬ ಕ್ರಮ ಅದರದು.

ಇದನ್ನು ನೋಡದೆ ಬೇಡನ್ ಪೊವೆಲ್ ಅವರು 1941ರ ಜನವರಿ 8ರಂದು ಕೀನ್ಯಾದ ನ್ಯೇರಿಯಲ್ಲಿ ನಿಧನರಾಗಿದ್ದರು. ಸಮಾಧಿಯ ಕಲ್ಲಿನಲ್ಲಿ ಒಂದು ವೃತ್ತ, ನಡುವೆ ಒಂದು ಚುಕ್ಕೆ ಇದೆ. ಕೆಲಸ ಮುಗಿಸಿ ಮನೆಗೆ ಮರಳಿದೆನೆಂದು ಹಿಂದೆ ಬರುವವರಿಗೆ ತಿಳಿಸುವ ಸ್ಕೌಟು ಗುರುತು ಅದು. ಅವರಲ್ಲಿ ದೋಷವಿತ್ತು, ಅವರು ಕಟ್ಟಿದ ಮೆಟ್ಟಿಲು ಅವರಿಗಿಂತ ದೊಡ್ಡದಾಯಿತು.

ಈಗ ನಮ್ಮ ಮನೆಯ ಮಾತು. ಮೊದಲ ದಳ ಹುಟ್ಟಿದ ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಹೊಸೂರಿಗೆ ತಾಗಿಕೊಂಡು, ಮೂಕಂಡಪಲ್ಲಿ ಇದೆ. ಕಾರ್ಖಾನೆಗಳ ನೆರೆಯ ಊರು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಸೀಮೆ. 1956ರ ರಾಜ್ಯ ವಿಂಗಡಣೆಯಲ್ಲಿ ನಮ್ಮ ಕಾಸರಗೋಡಿನಂತೆ ಆ ಸೀಮೆಯೂ ಕನ್ನಡ ರಾಜ್ಯದ ಹೊರಗುಳಿಯಿತು. ಅಲ್ಲಿಯ ಕನ್ನಡ ಮಗುವಿಗೂ ಇಲ್ಲಿಯ ಕನ್ನಡ ಮಗುವಿಗೂ ತರಗತಿಯ ಹೊರಗೆ ಹಿಂಜರಿಕೆ ಒಂದೇ ಬಗೆಯದು. ಆದರೆ ಗಂಟು ಹಾಕುವುದಕ್ಕೆ, ಗಾಯಕ್ಕೆ ಪಟ್ಟಿ ಕಟ್ಟುವುದಕ್ಕೆ ಮನೆಮಾತು ಅಡ್ಡಿಯಲ್ಲ. ನೆರೆಭಾಷೆಯ ಮಗುವಿನ ಜೊತೆ ಒಂದೇ ಗುಡಾರದಲ್ಲಿ ಮಲಗಿ ಎದ್ದವನ ಹಿಂಜರಿಕೆ ತಾನಾಗಿ ಕಳೆಯುತ್ತದೆ, ಮನೆಮಾತೂ ಉಳಿಯುತ್ತದೆ.

1909ರಲ್ಲಿ ಬಾಗಿಲು ಮುಚ್ಚಿದವರು ಪರರು. ಇಂದು ದಳ ನಡೆಸಲು ಒಬ್ಬ ಅಧ್ಯಾಪಕ ಮುಂದೆ ಬಾರದಿದ್ದರೆ, ಆಟದಲ್ಲಿ ಹೊತ್ತು ಹಾಳೆಂದು ತಂದೆತಾಯಿ ತಡೆದರೆ, ಮುಚ್ಚುವವರು ನಾವೇ. ಕೃಪಾಂಕಕ್ಕಾಗಿ ಮಾತ್ರ ಸೋಪಾನ ಹತ್ತಿಸಿದರೂ ಬಿಲ್ಲೆ ಸಿಕ್ಕೀತು, ವಿದ್ಯೆ ಸಿಗದು. ಓದಿ ಮೇಲೆ ಬಂದ ನಮ್ಮಲ್ಲಿ ಪ್ರತಿಯೊಬ್ಬರೂ ಕೆಳಗಿನ ಮೆಟ್ಟಿಲಿನ ಒಂದು ಮಗುವನ್ನು ಕೈಹಿಡಿದು ತಂದೆವೇ ಎಂದು ಕೇಳಿಕೊಳ್ಳೋಣ. ಮೊದಲ ದರ್ಜೆಯ ಪರೀಕ್ಷೆ ಅಂದೂ ಅದೇ, ಇಂದೂ ಅದೇ.