ಹೂವಿನ ಒಳಗನ್ನು ಕಂಡವರು: ಬಿ. ಜಿ. ಎಲ್. ಸ್ವಾಮಿ

ವಿದ್ಯಾರ್ಥಿಗಳೇ, ಮರೀನಾ ತೀರದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ, ಗುಮ್ಮಟದಲ್ಲಿ ಗಡಿಯಾರವಿರುವ ಕೆಂಪು ಕಟ್ಟಡವೊಂದನ್ನು ನೀವೆಲ್ಲ ನೋಡಿರುತ್ತೀರಿ. ಅದೇ 1840ರಲ್ಲಿ ಆರಂಭವಾದ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಮುಂದೆ ಪ್ರಿನ್ಸಿಪಾಲರೂ ಆದ ಕನ್ನಡಿಗರೊಬ್ಬರ ವಿಷಯವನ್ನು ನಿಮಗೆ ತಿಳಿಸಬೇಕೆಂಬುದು ನನ್ನ ಬಹುದಿನದ ಆಸೆ.

ಅವರು ಡಿ. ವಿ. ಗುಂಡಪ್ಪನವರ ಮಗ, ಬಿ. ಜಿ. ಎಲ್. ಸ್ವಾಮಿಯವರು. ಮನೆಯ ತುಂಬ ಸಾಹಿತ್ಯವಿದ್ದರೂ ಅವರ ಮನಸ್ಸು ಗಿಡಮರಗಳ ಕಡೆಗೆ ಹರಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಯನ್ನು ಪಡೆದು, ಅಮೆರಿಕದ ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದರು.

ಅವರು ಬಹುಕಾಲ ಶ್ರಮಿಸಿದ ವಿಷಯಗಳಲ್ಲಿ ಆರ್ಕಿಡ್ ಒಂದು. ನಮ್ಮ ಮಲೆನಾಡಿನ ಸೀತಾಳೆ ಹೂವಿನ ಕುಲ. 1947ರಲ್ಲಿ ವೆನಿಲ್ಲಾ ಬಳ್ಳಿಯ ಜೀವನಚರಿತ್ರೆಯನ್ನೂ 1949ರಲ್ಲಿ ಆರ್ಕಿಡ್ ವಂಶದ ಭ್ರೂಣಶಾಸ್ತ್ರವನ್ನೂ ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. ಈ ಹೂವಿನಲ್ಲಿ ಒಂದು ವಿಚಿತ್ರವುಂಟು. ಸಾಮಾನ್ಯವಾಗಿ ಹೂವು ಅರಳುವ ವೇಳೆಗೆ ಅದರ ಅಂಡಾಶಯದಲ್ಲಿ ಅಂಡಕಗಳು ಸಿದ್ಧವಾಗಿರುತ್ತವೆ. ಆರ್ಕಿಡ್ಡಿನಲ್ಲಿ ಹಾಗಲ್ಲ. ಪರಾಗ ಬಂದು ತಾಗುವವರೆಗೆ ಅಲ್ಲಿ ಅಂಡಕಗಳು ಬೆಳೆದೇ ಇರುವುದಿಲ್ಲ! ಪರಾಗ ತಾಗಿದ ಮೇಲೆ ದಳಗಳು ಬಾಡುತ್ತವೆ, ಅಂಡಾಶಯ ಉಬ್ಬುತ್ತದೆ, ಒಳಗಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯತೊಡಗುತ್ತವೆ. ಫಲೀಕರಣವಾಗುವುದು ವಾರಗಳೋ ತಿಂಗಳುಗಳೋ ಕಳೆದ ಬಳಿಕ. ಅತಿಥಿಯು ಬಾಗಿಲು ತಟ್ಟಿದ ಮೇಲೆ ಒಲೆ ಹಚ್ಚುವ ಮನೆಯಂತೆ ಎನ್ನಬಹುದು.

ಒಲೆ ಹಚ್ಚಲು ಹೇಳಿದವರು ಯಾರು? ಜರ್ಮನಿಯ ಹಾನ್ಸ್ ಫಿಟಿಂಗ್ ಎಂಬವರು 1909ರ ಸುಮಾರಿಗೆ, ಪರಾಗದ ಸಾರವನ್ನಷ್ಟೇ ಹಚ್ಚಿದರೂ ಹೂವು ಬಾಡಿ ಉಬ್ಬುವುದನ್ನು ತೋರಿಸಿದ್ದರು. ಪರಾಗದಲ್ಲಿ ಆಕ್ಸಿನ್ ಎಂಬ ಹಾರ್ಮೋನು ಇದೆಯೆಂದು ಮುಂದೆ ತಿಳಿಯಿತು. ಅದರ ಪ್ರೇರಣೆಯಿಂದ ಹೂವು ತಾನೇ ಎಥಿಲೀನ್ ಅನಿಲವನ್ನು ತಯಾರಿಸುತ್ತದೆ. ಕೋಶಗಳು ಒಡೆಯಲು ಆಕ್ಸಿನ್ ಒಂದೇ ಸಾಲದು, ಸೈಟೊಕೈನಿನ್ ಎಂಬ ಇನ್ನೊಂದು ಗುಂಪಿನ ಹಾರ್ಮೋನೂ ಬೇಕು. ಆ ಗುಂಪಿನ ಕೈನೆಟಿನ್ 1955ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಸ್ವಾಮಿಯವರ ಆ ಪ್ರಬಂಧಗಳ ಕೆಲಸ ಹಾರ್ಮೋನುಗಳದಲ್ಲ. ಆಜ್ಞೆ ದೊರೆತ ಮೇಲೆ ಯಾವ ಕೋಶ ಯಾವಾಗ, ಯಾವ ದಿಕ್ಕಿಗೆ ಗೋಡೆ ಹಾಕಿಕೊಂಡು ಒಡೆಯುತ್ತದೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ಹಂತಹಂತವಾಗಿ ಕಂಡು ಬರೆದಿಡುವುದು. ತಾಳ್ಮೆಗೆಟ್ಟವರಿಂದ ಆಗುವ ಕೆಲಸವಲ್ಲ ಅದು. ಇಷ್ಟಾದ ಮೇಲೂ ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು. ಅದರ ಭ್ರೂಣವೋ ಬೇರು ಎಲೆಗಳ ಗುರುತಿಲ್ಲದ ಕೋಶಗಳ ಉಂಡೆ.

ನಾನು ಮೆಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದವನು. ಊರು ಬಿಟ್ಟು ಈ ನಗರಕ್ಕೆ ಬಂದ ಹೊಸದರಲ್ಲಿ, ವಿಜ್ಞಾನವೆಂಬುದು ಇಂಗ್ಲಿಷ್ ಬಲ್ಲವರ ಸೊತ್ತೆಂದು ನಂಬಿ ಕುಗ್ಗಿದ್ದೆ. ಕೋಶವಿಭಜನೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತವನೂ ಹೌದು. ಆ ದಿನಗಳಲ್ಲಿ ಕೈಗೆ ಸಿಕ್ಕಿದ್ದು ಸ್ವಾಮಿಯವರ 'ಹಸುರು ಹೊನ್ನು'. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡು ಅಲೆದ ಕಥೆಯಲ್ಲಿ ಗಿಡಗಳ ಶಾಸ್ತ್ರ ಬೆರೆತಿದೆ, ಚಿತ್ರಗಳೂ ಅವರವೇ. ನಗುತ್ತ ಓದುತ್ತಿದ್ದ ನನಗೆ, ಪಾಠ ಕೇಳುತ್ತಿದ್ದೇನೆಂಬುದೇ ಮರೆತುಹೋಗಿತ್ತು.

ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1980ರಲ್ಲಿ ಸ್ವಾಮಿಯವರು ತೀರಿಕೊಂಡರು. ನಮ್ಮ ಶಾಲೆಯ ಬೀರುವಿನಲ್ಲಿ ಪುಸ್ತಕದ ಒಂದು ಪ್ರತಿ ಇದೆ. ರಟ್ಟು ಕಿತ್ತಿದೆ, ಹಾಳೆಗಳೆಲ್ಲ ಇವೆ. ಬೇಕಾದವರು ನನ್ನನ್ನು ಕೇಳಿ ತೆಗೆದುಕೊಂಡು ಹೋಗಿರಿ.