ಆಂಟನಿ ಟ್ರಾಲೊಪನ ದಿನಚರಿ

ಸಾಹಿತ್ಯರಚನೆಗೆ ಸ್ಫೂರ್ತಿಯೊಂದೇ ಸಾಕೆ, ದಿನದಿನದ ನಿಯಮವೂ ಬೇಕೆ ಎಂಬ ಪ್ರಶ್ನೆಯು ಲೇಖಕರ ನಡುವೆ ಆಗಾಗ ಏಳುತ್ತಿರುವುದು. ಕಚೇರಿಯಲ್ಲಿ ದಣಿದು ಮನೆಗೆ ಬಂದವರು ಬರೆಯಲು ವೇಳೆಯಿಲ್ಲವೆನ್ನುತ್ತಾರೆ; ವೇಳೆಯುಳ್ಳವರು ಮನಸ್ಸು ಬರಲಿಲ್ಲವೆನ್ನುತ್ತಾರೆ. ಈ ಎರಡು ನೆವಗಳಿಗೂ ತನ್ನ ಬಾಳಿನಿಂದಲೇ ಉತ್ತರವಿತ್ತವನು ಆಂಗ್ಲ ಕಾದಂಬರಿಕಾರನಾದ ಆಂಟನಿ ಟ್ರಾಲೊಪನು. ೩೩ ವರ್ಷಗಳ ಕಾಲ ಅಂಚೆಯ ಇಲಾಖೆಯಲ್ಲಿ ದುಡಿದು, ತನ್ನ ಜೀವಮಾನದಲ್ಲಿ ೪೭ ಕಾದಂಬರಿಗಳನ್ನು ಬರೆದ ಈತನ ಚರಿತ್ರೆಯು ನಮ್ಮ ವಾಚಕರಿಗೆ, ಅವರಲ್ಲಿಯೂ ಸರಕಾರದ ಕೆಲಸದಲ್ಲಿರುವವರಿಗೆ, ಮನನಯೋಗ್ಯವೆಂದು ನಾವು ಭಾವಿಸುತ್ತೇವೆ.

ಟ್ರಾಲೊಪನು ೧೮೧೫ನೆಯ ಇಸವಿ ಏಪ್ರಿಲ್ ೨೪ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆಯು ವಿದ್ಯಾವಂತನಾದ ವಕೀಲನು. ಆದರೆ ಮುಂಗೋಪದಿಂದ ಕಕ್ಷಿಗಾರರನ್ನು ದೂರಮಾಡಿಕೊಂಡು, ಬೇಸಾಯಕ್ಕೆ ಕೈಹಾಕಿ ಅದರಲ್ಲಿಯೂ ಸೋತು, ಸಂಸಾರವನ್ನು ಸಾಲದಲ್ಲಿ ಮುಳುಗಿಸಿದನು. ಹ್ಯಾರೊ, ವಿಂಚೆಸ್ಟರ್ ಎಂಬ ಸಿರಿವಂತರ ಶಾಲೆಗಳಲ್ಲಿ ಬಡ ಹುಡುಗನಾಗಿ ಓದಿದ ಆಂಟನಿಗೆ ಅಪಮಾನವೇ ನಿತ್ಯದ ಊಟವಾಗಿದ್ದಿತು. ಜೊತೆಗಾರರಿಲ್ಲದ ಬಾಲಕನು ಮನಸ್ಸಿನಲ್ಲಿಯೇ ಕಥೆ ಕಟ್ಟುತ್ತಿದ್ದನು. ಒಂದೇ ಕಥೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸುವನು. ಅಸಂಭವವಾದುದನ್ನು ಒಳಗೆ ಬಿಡಬಾರದೆಂದು ತನಗೆ ತಾನೇ ಕಟ್ಟುಪಾಡು ಹಾಕಿಕೊಂಡಿದ್ದನು. ಮುಂದೆ ಲೋಕವು ಕಂಡ ನಿಯಮದ ಬೀಜವು ಈ ಹಗಲುಗನಸಿನಲ್ಲಿಯೇ ಬಿದ್ದಿತೆಂದು ಹೇಳಬಹುದು.

ಆತನ ನಿಜವಾದ ಗುರುವಾದರೋ ಹೆತ್ತ ತಾಯಿ. ಫ್ರಾನ್ಸಿಸ್ ಟ್ರಾಲೊಪಳು ಅಮೆರಿಕೆಯಲ್ಲಿ ವ್ಯಾಪಾರ ಮಾಡಲು ಹೋಗಿ ಕೈಸುಟ್ಟುಕೊಂಡು ಮರಳಿದವಳು. ಆ ದೇಶದ ಜನರ ನಡೆನುಡಿಗಳನ್ನು ಕುರಿತ ತನ್ನ ಮೊದಲ ಗ್ರಂಥವನ್ನು ೧೮೩೨ರಲ್ಲಿ, ಐವತ್ತು ವರ್ಷ ದಾಟಿದ ಮೇಲೆ, ಪ್ರಕಟಿಸಿದಳು. ೧೮೩೪ರಲ್ಲಿ ಸಾಲಗಾರರ ಕಾಟಕ್ಕೆ ಅಂಜಿ ಕುಟುಂಬವೆಲ್ಲವೂ ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣಕ್ಕೆ ಓಡಿಹೋಗಬೇಕಾಯಿತು. ಅಲ್ಲಿ ಒಬ್ಬ ಮಗನು ಕ್ಷಯರೋಗದಿಂದ ಸಾಯುತ್ತಿದ್ದನು; ಪತಿಯೂ ಹಾಸಿಗೆ ಹಿಡಿದಿದ್ದನು. ಆ ತಾಯಿಯು ರೋಗಿಗಳ ಶುಶ್ರೂಷೆ ಮಾಡುತ್ತ, ಔಷಧದ ಸೀಸೆಗಳ ಪಕ್ಕದಲ್ಲಿ ಮಸಿಯ ಕುಡಿಕೆಯನ್ನಿಟ್ಟುಕೊಂಡು ಕಾದಂಬರಿ ಬರೆದು ಮನೆ ನಡೆಸಿದಳು. ಬೆಳಗಿನ ನಾಲ್ಕು ಗಂಟೆಗೆ ಮೇಜಿನ ಮುಂದೆ ಕುಳಿತು, ಲೋಕವು ಏಳುವ ಮೊದಲೇ ಅಂದಿನ ಬರವಣಿಗೆಯನ್ನು ಮುಗಿಸುವುದು ಆಕೆಯ ಪದ್ಧತಿ. ಮನಸ್ಸು ಬರಲೆಂದು ಕಾದಿದ್ದರೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಅದೇ ೧೮೩೪ರಲ್ಲಿ ಆಂಟನಿಯು ಲಂಡನ್ನಿನ ಮುಖ್ಯ ಅಂಚೆಯ ಕಚೇರಿಯಲ್ಲಿ ವರ್ಷಕ್ಕೆ ೯೦ ಪೌಂಡು ಸಂಬಳದ ಗುಮಾಸ್ತನಾದನು. ವಿಚಿತ್ರವೆಂದರೆ, ಮುಂದೆ ನಿಯಮಕ್ಕೆ ಹೆಸರಾದ ಈತನು ಆಗ ಕಚೇರಿಗೆ ಹೊತ್ತಿಗೆ ಸರಿಯಾಗಿ ಬಾರದವನೆಂದು ಮೇಲಧಿಕಾರಿಗಳ ಕೋಪಕ್ಕೆ ಗುರಿಯಾದವನು. ಏಳು ವರ್ಷ ಹೀಗೆ ಕಳೆದು, ೧೮೪೧ರಲ್ಲಿ ಐರ್ಲೆಂಡಿಗೆ ವರ್ಗವಾದ ಮೇಲೆ ಆತನ ಬಾಳು ತಿರುಗಿತು. ಕುದುರೆಯ ಮೇಲೆ ಹಳ್ಳಿಹಳ್ಳಿ ತಿರುಗಿ ಟಪಾಲಿನ ಮಾರ್ಗಗಳನ್ನು ಪರೀಕ್ಷಿಸುವ ಹೊಣೆಯು ಆತನನ್ನು ಮನುಷ್ಯನನ್ನಾಗಿ ಮಾಡಿತು. ೧೮೪೪ರಲ್ಲಿ ವಿವಾಹವಾಯಿತು, ೧೮೪೭ರಲ್ಲಿ ಮೊದಲ ಕಾದಂಬರಿಯು ಹೊರಬಿದ್ದಿತು. ಅದನ್ನು ಯಾರೂ ಕೊಳ್ಳಲಿಲ್ಲ. ೧೮೫೫ರಲ್ಲಿ ಪ್ರಕಟವಾಗಿ ಕೀರ್ತಿಗೆ ಮೊದಲ ಮೆಟ್ಟಿಲಾದ 'ದಿ ವಾರ್ಡನ್' ಕೂಡ ಆರಂಭದ ಎರಡು ವರ್ಷಗಳಲ್ಲಿ ತಂದುದು ಸುಮಾರು ೨೦ ಪೌಂಡು ಮಾತ್ರ. ಆದರೂ ಲೇಖನಿಯು ನಿಲ್ಲಲಿಲ್ಲ.

೧೮೫೯ರಲ್ಲಿ ಲಂಡನ್ನಿನ ಹೊರಗಿನ ವಾಲ್ಥಮ್ ಕ್ರಾಸಿನಲ್ಲಿ ನೆಲೆಸಿದ ಮೇಲೆ ಆತನ ದಿನಚರಿಯು ಪೂರ್ಣವಾಗಿ ಬಲಿಯಿತು. ಬೆಳಗಿನ ಐದೂವರೆ ಗಂಟೆಗೆ ಮೇಜಿನ ಮುಂದೆ ಕುಳಿತಿರಬೇಕು. ಎಬ್ಬಿಸುವುದಕ್ಕಾಗಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಮುದಿ ಸೇವಕನಿಗೆ ವರ್ಷಕ್ಕೆ ೫ ಪೌಂಡು ಹೆಚ್ಚು ಸಂಬಳ. ಆ ಮುದುಕನು ಕಾಫಿ ತಂದಿಟ್ಟು ಎಬ್ಬಿಸುವುದರಲ್ಲಿ ಒಂದು ದಿನವೂ ತಪ್ಪಲಿಲ್ಲ. ತನ್ನ ಯಶಸ್ಸಿಗೆ ಎಲ್ಲರಿಗಿಂತ ಹೆಚ್ಚಾಗಿ ಆತನಿಗೇ ಋಣಿಯೆಂದು ಯಜಮಾನನು ಒಪ್ಪಿಕೊಂಡಿದ್ದಾನೆ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದಿಕೊಳ್ಳುವುದು. ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲುಗಂಟೆಗೆ ೨೫೦ ಪದಗಳಂತೆ ಬರೆಯುವುದು. ಎಂಟೂವರೆ ಗಂಟೆಗೆ ಎದ್ದು ಉಡುಪು ಧರಿಸಿ ಉಪಾಹಾರಕ್ಕೆ ಹೋಗುವಾಗ ೨,೫೦೦ ಪದಗಳು ಕಾಗದದ ಮೇಲಿರುವುವು. ಅನಂತರ ಇಡೀ ದಿನ ಸರಕಾರದ ಕೆಲಸಕ್ಕೆ, ಚಳಿಗಾಲದಲ್ಲಿ ನರಿಯ ಬೇಟೆಗೆ, ಸ್ನೇಹಿತರ ಗೋಷ್ಠಿಗೆ ತೆರಪಾಗಿರುವುದು. ಪ್ರತಿಯೊಂದು ಗ್ರಂಥಕ್ಕೂ ಒಂದು ದಿನಚರಿಯ ಪುಸ್ತಕವಿಟ್ಟು, ಆಯಾ ದಿನ ಬರೆದ ಪುಟಗಳ ಲೆಕ್ಕವನ್ನು ಗುರುತು ಮಾಡುತ್ತಿದ್ದನು. ವಾರಕ್ಕೆ ಸರಾಸರಿ ೪೦ ಪುಟ. ಸೋಮಾರಿತನದಿಂದ ಕಳೆದ ದಿನಗಳು ಆ ಪುಸ್ತಕದಲ್ಲಿ ಕಣ್ಣಿಗೆ ಚುಚ್ಚುವಂತೆ ಬರಿದಾಗಿ ನಿಲ್ಲುತ್ತಿದ್ದವು.

ಮನೆಯ ಈ ನಿಯಮವು ಪ್ರಯಾಣದಲ್ಲಿಯೂ ಆತನನ್ನು ಬಿಡಲಿಲ್ಲ. ರೈಲುಬಂಡಿಯಲ್ಲಿ ತೊಡೆಯ ಮೇಲೆ ಸಣ್ಣ ಹಲಗೆಯನ್ನಿಟ್ಟು ಪೆನ್ಸಿಲಿನಿಂದ ಬರೆಯುವನು; ಪತ್ನಿಯು ಅದನ್ನು ಪ್ರತಿಮಾಡುವಳು. ೧೮೫೮ರಲ್ಲಿ, ಸೂಯೆಜ್ ಕಾಲುವೆಯು ತೆರೆಯುವುದಕ್ಕೆ ೧೧ ವರ್ಷ ಮೊದಲು, ನಮ್ಮ ದೇಶಕ್ಕೂ ಆಸ್ಟ್ರೇಲಿಯಕ್ಕೂ ಬರುವ ಟಪಾಲನ್ನು ಅಲೆಕ್ಸಾಂಡ್ರಿಯದಿಂದ ಸೂಯೆಜಿನವರೆಗೆ ರೈಲಿನಲ್ಲಿ ಸಾಗಿಸುವ ಒಪ್ಪಂದಕ್ಕಾಗಿ ಸರಕಾರವು ಆತನನ್ನು ಈಜಿಪ್ಟಿಗೆ ಕಳುಹಿಸಿತು. ಬಿರುಗಾಳಿಯ ಸಮುದ್ರದಲ್ಲಿ ವಾಂತಿಯಿಂದ ನಡುನಡುವೆ ಎದ್ದುಹೋಗುತ್ತಲೂ ದಿನದ ಪಾಲನ್ನು ಬರೆದನು. 'ಡಾಕ್ಟರ್ ಥಾರ್ನ್' ಈಜಿಪ್ಟಿನಲ್ಲಿ ಮುಗಿಯಿತು. ಮರುದಿನವೇ ಮುಂದಿನ ಕಾದಂಬರಿಯು ಆರಂಭವಾಯಿತು.

ಇದರಿಂದ ಸರಕಾರದ ಕೆಲಸವು ಕೆಟ್ಟಿತೆಂದು ಯಾರೂ ಹೇಳುವಂತಿಲ್ಲ. ಬ್ರಿಟಿಷ್ ಅಂಚೆಯವರು ಬೀದಿಯಲ್ಲಿ ನಿಲ್ಲಿಸಿದ ಟಪಾಲಿನ ಕಂಬದ ಪೆಟ್ಟಿಗೆಯು ಈತನ ಸಲಹೆಯಂತೆಯೇ ೧೮೫೨ರಲ್ಲಿ ಮೊದಲು ಜರ್ಸಿ ದ್ವೀಪದಲ್ಲಿ ಬಂದಿತು. ೧೮೬೭ರಲ್ಲಿ ಪಿಂಚಣಿಯ ಆಶೆಯನ್ನೂ ತೊರೆದು ರಾಜೀನಾಮೆಯಿತ್ತನು. ಆಮೇಲೆ ಕೇಳುವ ಮೇಲಧಿಕಾರಿಯೇ ಇಲ್ಲದಿದ್ದರೂ ಬೆಳಗಿನ ಮೂರು ಗಂಟೆಗಳನ್ನು ಸಡಿಲಿಸಲಿಲ್ಲ. ಕಡೆಗಾಲದಲ್ಲಿ ಕೈ ಸೋತಾಗ ಪತ್ನಿಯ ಸೋದರಿಯ ಮಗಳಿಗೆ ಹೇಳಿ ಬರೆಯಿಸಿದನು. ೧೮೮೨ನೆಯ ಡಿಸೆಂಬರ್ ೬ರಂದು ಗತಿಸಿದಾಗ ಒಂದು ಕಾದಂಬರಿಯು ಅರ್ಧದಲ್ಲಿ ನಿಂತಿದ್ದಿತು.

ಮರುವರ್ಷ ಆತನ ಆತ್ಮಚರಿತ್ರೆಯು ಪ್ರಕಟವಾಯಿತು. ಗಡಿಯಾರದ ಸಂಗತಿಯನ್ನೂ, ಗ್ರಂಥಗಳಿಂದ ಬಂದ ಸುಮಾರು ೬೯,೦೦೦ ಪೌಂಡಿನ ಲೆಕ್ಕವನ್ನೂ ಆತನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದನು. ರಸಿಕರು ಮುಖ ಸಿಂಡರಿಸಿದರು. ಚಮ್ಮಾರನು ಕೆರ ಹೊಲಿದಂತೆ ಕಥೆ ಹೊಲಿದವನು ಕವಿಯಾದಾನೆ ಎಂದು ಹಳಿದರು. ಕೀರ್ತಿಯು ಬಹುಕಾಲ ಮಂಕಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಜನರು ಮತ್ತೆ ಆತನ ಗ್ರಂಥಗಳನ್ನು ಹುಡುಕಿ ಓದಿದರು. ೧೯೯೩ರಲ್ಲಿ ವೆಸ್ಟ್‌ಮಿನ್‌ಸ್ಟರ್ ಆಬಿಯ ಕವಿಗಳ ಮೂಲೆಯಲ್ಲಿ ಸ್ಮಾರಕದ ಶಿಲೆಯೂ ಬಿದ್ದಿತು.

ಆತನ ಬರಹವೆಲ್ಲವೂ ಒಂದೇ ತೂಕದ್ದೆಂದು ನಾವು ವಾದಿಸುವುದಿಲ್ಲ. ಅಳೆದು ಬರೆದುದರಲ್ಲಿ ಜೊಳ್ಳೂ ಉಂಟು. ಆದರೆ ಗಡಿಯಾರವು ಆತನ ಕೈಯನ್ನು ಆಳಿತಲ್ಲದೆ ಕಲ್ಪನೆಯನ್ನು ಆಳಲಿಲ್ಲ. ಬಾರ್ಸೆಟ್ ಎಂಬ ಆತನ ಕಲ್ಪಿತ ಪ್ರಾಂತದ ಮೊದಲ ಕಥೆಯು ಹುಟ್ಟಿದುದು ಸಾಲ್ಸ್‌ಬರಿಯ ದೇವಾಲಯದ ಸುತ್ತ ಬೇಸಗೆಯ ಸಂಜೆಯಲ್ಲಿ ನಡೆದಾಡುವಾಗ. ಪಾತ್ರಗಳೊಡನೆ ಹಗಲೆಲ್ಲ ಬಾಳಿದವನಾದುದರಿಂದಲೇ ಬೆಳಗ್ಗೆ ಆತನ ಲೇಖನಿಯು ತಡವರಿಸಲಿಲ್ಲ. ನಿಯಮವು ಸ್ಫೂರ್ತಿಯ ವೈರಿಯಲ್ಲ, ಅದು ಬಂದಾಗ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವ ಕಾವಲುಗಾರನು ಎಂಬುದೇ ಈ ಚರಿತ್ರೆಯ ಸಾರವೆಂದು ನಮಗೆ ತೋರುತ್ತದೆ. ಕಚೇರಿಗೆ ಹೊರಡುವ ಮುನ್ನ ಮೂರು ಗಂಟೆ ದೊರೆಯದವರಿಗೆ ಒಂದು ಗಂಟೆ ದೊರೆತೀತು. ಕನ್ನಡದಲ್ಲಿ ಬರೆಯಬಲ್ಲ ಅಧಿಕಾರಿಗಳು ಆ ಒಂದು ಗಂಟೆಯನ್ನು ದಿನ ತಪ್ಪದೆ ಕಾಯ್ದುಕೊಂಡರೆ, ವರ್ಷ ತಿರುಗುವುದರೊಳಗೆ ಮೇಜಿನ ಮೇಲೆ ಒಂದು ಗ್ರಂಥವಿರುವುದು.