ಪಲ್ಲಕ್ಕಿಯಲ್ಲಿ ವೀಣೆ, ಪಕ್ಕದಲ್ಲಿ ಶೇಷಣ್ಣ

ಹೋದ ಸೆಮಿಸ್ಟರ್ ರಜೆಯಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅಂದ್ರೆ ಬೇಸ್ ಗಿಟಾರ್ ಚಿತ್ರ ಬರೆದಿದ್ದು. ನಮ್ಮ ಮನೆ ಶಿಕಾರಿಪುರ, ಅಜ್ಜಿ ಮನೆ ಸೊರಬ. ಶಿರಾಳಕೊಪ್ಪದ ಮೇಲೆ ಹೋಗೋ ಬಸ್ಸಲ್ಲಿ ಕೂತು ಫೋನಲ್ಲಿ ಫ್ಲೇಮ್ ಮೇಪಲ್, ಕ್ವಿಲ್ಟೆಡ್ ಮೇಪಲ್ ಟಾಪ್‌ಗಳನ್ನೇ ನೋಡ್ತಾ ಇದ್ದೆ. ಮರದೊಳಗೆ ಬೆಂಕಿ ಉರಿದ ಹಾಗೆ, ನೀರು ಅಲುಗಿದ ಹಾಗೆ ಕಾಣುತ್ತಲ್ಲ, ಅದು. ಒಂದೇ ತುಂಡನ್ನ ಪುಸ್ತಕದ ಹಾಗೆ ಸೀಳಿ ಬಿಡಿಸಿ ಅಂಟಿಸಿದ್ರೆ ಎಡಕ್ಕೂ ಬಲಕ್ಕೂ ಒಂದೇ ಚಿತ್ತಾರ ಬರುತ್ತೆ.

ನನ್ನ ಪ್ಲಾನ್ ಇನ್ನೂ ದೊಡ್ಡದಿತ್ತು. ಸೊರಬದಲ್ಲಿ ಗಂಧದ ಮರ ಕೆತ್ತೋ ಗುಡಿಗಾರರಿದ್ದಾರೆ. ಅಜ್ಜಿ ಮನೆ ಅಟ್ಟದಲ್ಲಿ ಹಳೇ ಹಲಸಿನ ಹಲಗೆ ಇದೆ. ಹಲಗೆಯಲ್ಲಿ ಬಾಡಿ ಮಾಡಿಸಿ, ಮೇಲೆ ಬಳ್ಳಿ ಕೆತ್ತಿಸಿದ್ರೆ ಕಾಲೇಜ್ ಫೆಸ್ಟಲ್ಲಿ ಎಲ್ಲರೂ ನನ್ನನ್ನೇ ನೋಡಬೇಕು! ಹಲಗೆ ಕೆಳಗಿಳಿಸಿಕೊಟ್ಟ ಮಾವ ಇದು ವೀಣೆ ಮಾಡೋ ಮರ ಕಣೋ ಅಂದ್ರು. ಅಲ್ಲಿಂದ ಶುರುವಾಗಿ ನಾನು ಓದ್ತಾ ಓದ್ತಾ ತಲುಪಿದ್ದು ವೀಣೆ ಶೇಷಣ್ಣನವರ ಹತ್ತಿರ. ಅವರು ನಮ್ಮ ಕಡೆಯವರಲ್ಲ, ಮೈಸೂರಿನವರು.

ಶೇಷಣ್ಣನವರು ಹುಟ್ಟಿದ್ದು 1852ರಲ್ಲಿ. ತಂದೆ ಬಕ್ಷಿ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೈಣಿಕರು. ಹುಡುಗ ಇನ್ನೂ ಚಿಕ್ಕವನಿದ್ದಾಗ ಒಂದು ಶಿವರಾತ್ರಿ ದಿನ ಅರಮನೆಯಲ್ಲಿ ಒಬ್ಬ ಸಂಗೀತಗಾರರು ಕಷ್ಟದ ಪಲ್ಲವಿಯೊಂದನ್ನ ಹಾಡಿ, ಇದನ್ನ ಯಾರು ಹಾಡ್ತೀರಿ ಅಂತ ಸವಾಲು ಹಾಕಿದ್ರಂತೆ. ದೊಡ್ಡವರೆಲ್ಲ ಸುಮ್ಮನಾದಾಗ ಈ ಹುಡುಗ ಹಾಡಿಬಿಟ್ಟ. ಮಹಾರಾಜರು ಮುತ್ತಿನ ಹಾರ ಹಾಕಿದ್ರಂತೆ. ಇದು ಕಥೆಯಾಗಿ ಬೆಳೆದಿರಬಹುದು. ಆದರೆ ವೀಣೆಯಿಂದಲೇ ಹೆಸರಾದ ಮನುಷ್ಯನ ಮೊದಲ ಕಥೆಯಲ್ಲಿ ವೀಣೆನೇ ಇಲ್ಲ, ಬರೀ ಗಂಟಲು ಮತ್ತು ತಾಳದ ಲೆಕ್ಕ ಇದೆ. ನನಗೆ ಇಷ್ಟವಾಗಿದ್ದು ಅದು.

ತಂದೆ ಬೇಗ ತೀರಿಕೊಂಡ್ರು. ಆಸ್ಥಾನದ ಮನೆತನ ಆದರೂ ಪಾಠ ಅರ್ಧಕ್ಕೇ ನಿಂತ ಹಾಗಾಯ್ತು. ಆಮೇಲೆ ಕೈ ಹಿಡಿದವರು ಅಕ್ಕ ವೆಂಕಮ್ಮ ಮತ್ತು ದೊಡ್ಡ ಶೇಷಣ್ಣನವರು. ಹಾಡುಗಾರಿಕೆಗೆ ಮೈಸೂರು ಸದಾಶಿವರಾಯರು. ವೆಂಕಮ್ಮನ ಹೆಸರು ಎಲ್ಲಾ ಕಡೆ ಒಂದೇ ಸಾಲಲ್ಲಿ ಮುಗಿದುಹೋಗುತ್ತೆ. ಮನೆಯಲ್ಲಿ ಕೂತು ತಮ್ಮನಿಗೆ ಪಾಠ ಹೇಳಿದವರ ಬಗ್ಗೆ ಅಷ್ಟೇನಾ ಅನ್ನಿಸಿತು.

ಇಲ್ಲಿ ವಾದ್ಯದ ಬಗ್ಗೆ ಸ್ವಲ್ಪ ಹೇಳ್ಬೇಕು. ವೀಣೆಯಲ್ಲಿ ನುಡಿಸೋ ತಂತಿ ನಾಲ್ಕು, ತಾಳಕ್ಕೆ ಮೂರು. ಮೆಟ್ಟಿಲು 24, ಅಂದ್ರೆ ಎರಡು ಸ್ಥಾಯಿ. ನಾಲ್ಕು ತಂತಿ, 24 ಫ್ರೆಟ್, ಬಲಗೈಯ ತೋರುಬೆರಳು ಮಧ್ಯದ ಬೆರಳು ಒಂದಾದ ಮೇಲೊಂದು ಮೀಟೋದು: ಬೇಸ್ ನುಡಿಸೋರಿಗೆ ಇದೆಲ್ಲ ಗೊತ್ತಿರೋದೇ. ಸಾರಣಿ ತಂತಿಯನ್ನ 165 ಹರ್ಟ್ಜ್ ಷಡ್ಜಕ್ಕೆ ಕಟ್ಟಿದ್ರೆ ಅನುಮಂದ್ರ ಪಂಚಮ ಸುಮಾರು 62 ಹರ್ಟ್ಜ್. ನಮ್ಮ ಬೇಸಿನ ದಪ್ಪ ತಂತಿ 41, ಅದರ ಮೇಲಿನದು 55. ಅಂದ್ರೆ ವೀಣೆಯ ಕೆಳಗಿನ ತಂತಿ ಬೇಸ್ ಇರೋ ಜಾಗದಲ್ಲೇ ಇದೆ.

ತಂತಿ ಆರಿಸೋದಕ್ಕೆ ಫಸ್ಟ್ ಸೆಮ್ ಫಿಸಿಕ್ಸ್ ಸಾಕು. ಉದ್ದ, ಬಿಗಿ ಎರಡೂ ಅಷ್ಟೇ ಇಟ್ಟು ಸ್ವರವನ್ನ ಒಂದು ಸ್ಥಾಯಿ ಇಳಿಸಬೇಕಾದ್ರೆ ತಂತಿಯ ತೂಕ ನಾಲ್ಕು ಪಟ್ಟು ಆಗ್ಬೇಕು. ಬರೀ ಉಕ್ಕನ್ನ ಅಷ್ಟು ದಪ್ಪ ಮಾಡಿದ್ರೆ ಅದು ಸರಳಿನ ಹಾಗೆ ಬಾಗೋದೇ ಇಲ್ಲ, ನಾದ ಸಾಯುತ್ತೆ. ಅದಕ್ಕೇ ವೀಣೆಯಲ್ಲಿ ಮೇಲಿನ ತಂತಿಗಳು ಉಕ್ಕು, ಕೆಳಗಿನವು ಉಕ್ಕಿಗಿಂತ ಭಾರದ ಹಿತ್ತಾಳೆ ಅಥವಾ ಸುತ್ತಿದ ತಂತಿ. ಬೇಸಲ್ಲಂತೂ ನಾಲ್ಕೂ ಸುತ್ತಿದ್ದೇ. ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಕಿವಿಯಲ್ಲೇ ಅಳೆದು ಒಂದೊಂದನ್ನೂ ಕೂರಿಸೋದಕ್ಕೆ ಮೇಳ ಕಟ್ಟೋದು ಅಂತಾರೆ. ನಮ್ಮ ಫ್ರೆಟ್ ಫ್ಯಾಕ್ಟರಿಯಲ್ಲಿ ಬಡಿದದ್ದು, ಅಲುಗಲ್ಲ.

ಮರದ ವಿಷಯದಲ್ಲಿ ಮಾತ್ರ ಎರಡಕ್ಕೂ ತುಂಬಾ ವ್ಯತ್ಯಾಸ. ವೀಣೆಯ ಕುದುರೆ ಕೂರೋದು ಕೊಡದ ಮೇಲಿನ ಹಲಗೆ ಮೇಲೆ, ಆ ಹಲಗೆ ನಡುಗಿದ್ರೇ ನಾದ. ಎಲೆಕ್ಟ್ರಿಕ್ ಬೇಸಲ್ಲಿ ಪಿಕಪ್ ಕೇಳಿಸಿಕೊಳ್ಳೋದು ಉಕ್ಕಿನ ತಂತಿಯನ್ನ. ಅರ್ಧ ಸೆಂಟಿಮೀಟರ್ ದಪ್ಪದ ಫ್ಲೇಮ್ ಟಾಪ್ ಹೆಚ್ಚಾಗಿ ಕಣ್ಣಿಗೇ. (ಬ್ಯಾಂಡ್ ಫ್ರೆಂಡ್ಸ್ ಜಗಳಕ್ಕೆ ಬರಬಹುದು, ಬನ್ನಿ.) ಹಾಗಂತ ವೀಣೆ ಬೋಳಾಗಿರಲಿಲ್ಲ. ತುದಿಯಲ್ಲಿ ಯಾಳಿ ಮುಖ, ಅಂಚಿಗೆ ದಂತದ ಕುಸುರಿ. ದಂತ ಈಗ ನಿಷೇಧ, ಪ್ಲಾಸ್ಟಿಕ್ ಬಂದಿದೆ.

ಶೇಷಣ್ಣನವರು ವೀಣೆಯೊಂದಕ್ಕೇ ನಿಲ್ಲಲಿಲ್ಲ. ಸ್ವರಬತ್, ಪಿಟೀಲು, ಸಿತಾರ್, ಜಲತರಂಗ, ಪಿಯಾನೋ ಕೂಡ ನುಡಿಸ್ತಿದ್ರು. ಅರಮನೆಗೆ ಉತ್ತರದ ಗವಾಯಿಗಳು ಬರ್ತಿದ್ರು, ಪಾಶ್ಚಾತ್ಯ ಬ್ಯಾಂಡ್ ಇತ್ತು, ಎಲ್ಲಕ್ಕೂ ಕಿವಿ ಕೊಟ್ರು. ಸ್ವರಜತಿ, ಕೃತಿ, ತಿಲ್ಲಾನಗಳನ್ನ ರಚಿಸಿದ್ರು. ಝಂಝೂಟಿ ರಾಗದ ತಿಲ್ಲಾನ ಇವತ್ತಿಗೂ ಕಛೇರಿಗಳ ಕೊನೆಯಲ್ಲಿ ಕೇಳಿಸುತ್ತೆ. ವೀಣೆ ಸುಬ್ಬಣ್ಣನವರ ಜೊತೆ ಜೋಡಿಯಾಗಿ ನುಡಿಸ್ತಿದ್ರು. ನಾಲ್ವಡಿ ಕೃಷ್ಣರಾಜ ಒಡೆಯರು ವೈಣಿಕ ಶಿಖಾಮಣಿ ಬಿರುದು ಕೊಟ್ರು.

ಅವರ ಬಗ್ಗೆ ಎಲ್ಲರೂ ಹೇಳೋ ಪ್ರಸಂಗ ಬರೋಡದ್ದು. ಗಾಯಕವಾಡ ಮಹಾರಾಜರು ಕಛೇರಿ ಕೇಳಿ ಮೆಚ್ಚಿ ಒಂದು ಪಲ್ಲಕ್ಕಿಯನ್ನ ಉಡುಗೊರೆ ಕೊಟ್ರು. ಮೈಸೂರಿಗೆ ಬಂದ ಮೇಲೆ ಅದರಲ್ಲಿ ಕೂತು ಮೆರವಣಿಗೆಯಲ್ಲಿ ಅರಮನೆಗೆ ಬರಬೇಕು ಅಂತ ಮಹಾರಾಜರಿಂದ ಅಪ್ಪಣೆ ಆಯ್ತಂತೆ. ಬೀದಿಯಲ್ಲಿ ಜನ ಕಾದಿದ್ರು. ಪಲ್ಲಕ್ಕಿ ಬಂತು, ಒಳಗೆ ವೀಣೆ ಇತ್ತು, ಶೇಷಣ್ಣನವರು ಪಕ್ಕದಲ್ಲಿ ನಡ್ಕೊಂಡು ಬರ್ತಿದ್ರು. ಅಪ್ಪಣೆ ಮೀರಿದ ಹಾಗೂ ಆಗಲಿಲ್ಲ, ತಾವು ಹತ್ತಲೂ ಇಲ್ಲ. ಇದನ್ನ ಓದಿದ ಹೊತ್ತಿಗೆ ನನ್ನ ಫೋನಲ್ಲಿ ಗಿಟಾರ್ ಹಿಡಿದು ನಿಂತ ನನ್ನದೇ ಎಡಿಟ್ ಮಾಡಿದ ಫೋಟೋ ಇತ್ತು. ಬೆಳ್ಳಿ ಬಣ್ಣದ ಬಳ್ಳಿ ಬೇರೆ. ಸ್ವಲ್ಪ ನಾಚಿಕೆ ಆಯ್ತು, ನಿಜ ಹೇಳ್ತೀನಿ.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿ ಅಧ್ಯಕ್ಷರು. ಅಲ್ಲಿ ಶೇಷಣ್ಣನವರ ವೀಣೆ ಇತ್ತು. ಆಗ ಅವರಿಗೆ 72 ವರ್ಷ. ಗಾಂಧೀಜಿ ಕೊಟ್ಟಿದ್ದು ಸ್ವಲ್ಪ ಹೊತ್ತು, ಕೂತು ಕೇಳಿದ್ದು ಜಾಸ್ತಿ ಹೊತ್ತು ಅಂತ ಹೇಳ್ತಾರೆ. ಮೈಕಿನ ಸಹಾಯದಲ್ಲೇ ಬೆಳೆದ ನಮಗೆ ಒಂದು ಹಲಸಿನ ಹಲಗೆ ಅಷ್ಟು ಜನರ ನಡುವೆ ಹೇಗೆ ಕೇಳಿಸಿತು ಅನ್ನೋದೇ ಪ್ರಶ್ನೆ. ಎಲ್ಲರೂ ಸುಮ್ಮನೆ ಕೂತಿದ್ರೇನೋ. ಎರಡು ವರ್ಷಕ್ಕೆ, 1926ರಲ್ಲಿ, ತೀರಿಕೊಂಡ್ರು.

ಶಿಷ್ಯರಲ್ಲಿ ವೆಂಕಟಗಿರಿಯಪ್ಪನವರು ದೊಡ್ಡ ಹೆಸರು, ಅವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್. ನನಗೆ ಆಶ್ಚರ್ಯ ಆಗಿದ್ದು ಇನ್ನೊಬ್ಬ ಶಿಷ್ಯರಿಂದ: ಚಿತ್ರಕಲಾವಿದ ಕೆ. ವೆಂಕಟಪ್ಪ. ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದವರು. ಬೆಂಗಳೂರಿನ ಕಸ್ತೂರ್ ಬಾ ರಸ್ತೆಯ ಗ್ಯಾಲರಿಗೆ ಅವರದೇ ಹೆಸರು. ಬಣ್ಣ, ಗೆರೆಯಲ್ಲೇ ಬದುಕಿದ ಅಂಥವರು ಶೇಷಣ್ಣನವರ ಮುಂದೆ ಕೂತು ಸರಳೆ ಜಂಟಿಯಿಂದ ತಂತಿ ಮೀಟೋದು ಕಲಿತರು ಅಂದ್ರೆ, ಅವರ ಕಣ್ಣಿಗೆ ಆ ವೀಣೆಯಲ್ಲಿ ಏನು ಕಂಡಿರಬಹುದು?

ಹಲಗೆ ಮತ್ತೆ ಅಟ್ಟಕ್ಕೆ ಹೋಗಿದೆ. ಫ್ಲೇಮ್ ಟಾಪ್ ಆಸೆ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲ್ಲ. ಸದ್ಯಕ್ಕೆ ಹಾಸ್ಟೆಲ್ಲಲ್ಲಿರೋ ಹಳೇ ಕಪ್ಪು ಬೇಸ್‌ಗೆ ಒಂದು ಸೆಟ್ ಫ್ಲ್ಯಾಟ್‌ವೂಂಡ್ ತಂತಿ ಹಾಕಿದೀನಿ, 45ರಿಂದ 105. ಎಡಗೈ ಜಾರಿದಾಗ ಬರ್ತಿದ್ದ ಕಿರ್ರ್ ಸದ್ದು ಹೋಗಿದೆ. ಝಂಝೂಟಿ ತಿಲ್ಲಾನದ ಮೊದಲ ಭಾಗವನ್ನ ನಿಧಾನವಾಗಿ ಹಿಡೀತಾ ಇದೀನಿ, ರೂಮ್‌ಮೇಟ್ ಇನ್ನೂ ಬಾಗಿಲು ಹಾಕ್ಕೊಂಡೇ ಓದ್ತಾನೆ.